ಕಿಟಕಿಯ ಹೊರಗಿನ ಪಟ್ಟಿ

ಆ ಬೆಳಿಗ್ಗೆ ನಾನು ಆ ಫೈಲನ್ನು ಮತ್ತೆ ತೆರೆಯಬೇಕಾದ ಅಗತ್ಯವೇ ಇರಲಿಲ್ಲ. ಹಾಳೆ ಹಿಂದಿನ ಸಂಜೆಯೇ ಪ್ರಿಂಟಾಗಿ, ಸುರುಳಿ ಸುತ್ತಿಸಿಕೊಂಡು, ನನ್ನ ಭಾಮೈದನ ಬೈಕಿನ ಮೇಲೆ ಅವನ ಕಲ್ಲಿನ ಶೆಡ್ಡು ಸೇರಿತ್ತು. ಆದರೂ ತೆರೆದೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ವಾಪಸು ಬಂದು ಬೀಗ ಜಗ್ಗಿ ನೋಡುವ ಪೈಕಿ ನಾನು. ನಮ್ಮ ನಕ್ಷೆ ಆಫೀಸಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ, 'ಇನ್ನೊಂದ್ಸಲ' ಅನ್ನುತ್ತಾರೆ. ಏನು ಕೇಳಿದರೂ 'ಇನ್ನೊಂದ್ಸಲ ನೋಡಿ ಕೊಡ್ತೀನಿ' ಅನ್ನುವುದರಿಂದ ಅಂಟಿಕೊಂಡ ಹೆಸರು.

ಫೈಲು ತೆರೆಯಿತು. ಮೆಟ್ಟಿಲಿನ ಕಲ್ಲಿನ ಚಿತ್ರ ಎಂದಿನಂತೆ ಹಾಳೆಯ ನಡುವೆ ಕೂತಿತ್ತು. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಕೆಳಗೆ, ಸ್ಕೇಲ್ ತೋರಿಸುವ ಚಿಕ್ಕ ಚೌಕದಲ್ಲಿ, 1 ಇರಬೇಕಾದ ಕಡೆ 0.985 ಎಂದಿತ್ತು.

ಕಣ್ಣುಜ್ಜಿಕೊಂಡು ನೋಡಿದೆ. 0.985.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವಾಗ ನಾವು ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತೇವೆ. ಆಮೇಲೆ ಲೇಔಟ್ ಎಂಬ ಬೇರೊಂದು ಜಾಗದಲ್ಲಿ ಒಂದು ಹಾಳೆ ಹಾಸಿ, ಆ ಹಾಳೆಯಲ್ಲಿ ಒಂದು ಕಿಟಕಿ ಕೊರೆದು, ಕಿಟಕಿಯೊಳಗಿಂದ ಆ ವಸ್ತುವನ್ನು ನೋಡುತ್ತೇವೆ. ಸಂಜೆ ತರಗತಿಯಲ್ಲಿ ನಮಗೆ ಕಲಿಸುತ್ತಿದ್ದ ಮೇಷ್ಟ್ರು, ಹಗಲೆಲ್ಲ ದುಡಿದು ಬಂದು ತೂಕಡಿಸುತ್ತಿದ್ದ ನಮ್ಮನ್ನು ಎಬ್ಬಿಸಲು ಮೇಜು ಕುಟ್ಟಿ ಹೇಳುತ್ತಿದ್ದರು: "ಸ್ಕೇಲ್ ಅಂದ್ರೆ ಬ್ರಹ್ಮವಿದ್ಯೆ ಅಲ್ಲ ಕಣ್ರಯ್ಯಾ. ಕಿಟಕಿಯಿಂದ ನೀವು ಎಷ್ಟು ದೂರ ನಿಂತಿದೀರಿ ಅನ್ನೋದು, ಅಷ್ಟೇ. ಸರಿಯಾದ ಜಾಗದಲ್ಲಿ ನಿಂತ ಮೇಲೆ ಕಿಟಕಿಗೆ ಬೀಗ ಹಾಕಿ. ಇಲ್ಲಾಂದ್ರೆ ಯಾರಾದ್ರೂ ಬಂದು ತಳ್ಳಿ ಹೋಗ್ತಾರೆ."

ಬೀಗದ ಗುರುತು ನೋಡಿದೆ. ತೆರೆದಿತ್ತು.

ಯಾರೋ ನನ್ನ ಕಿಟಕಿಯನ್ನು ತಳ್ಳಿದ್ದರು. ಪ್ರಿಂಟು ತೆಗೆದ ಮೇಲೆ ತಳ್ಳಿದ್ದರೆ ಚಿಂತೆಯಿಲ್ಲ, ಹಾಳೆ ಸರಿಯಾಗಿಯೇ ಹೋಗಿರುತ್ತದೆ. ಮೊದಲೇ ತಳ್ಳಿದ್ದರೆ, ಹಾಳೆಯ ಮೇಲಿನ ಗೆರೆಗಳೆಲ್ಲ ನೂರಕ್ಕೆ ಒಂದೂವರೆಯಷ್ಟು ಕುಗ್ಗಿವೆ. ಕಣ್ಣಿಗೆ ಗೊತ್ತಾಗದಷ್ಟು. ಅದಕ್ಕಿಂತ ಕೆಟ್ಟದ್ದೆಂದರೆ, ಗೆರೆ ಕುಗ್ಗಿದರೂ ಅದರ ಪಕ್ಕದ ಅಂಕಿ ಕುಗ್ಗುವುದಿಲ್ಲ. ಅಂಕಿ ನಿಜವಾದ ಅಳತೆಯನ್ನೇ ಹೇಳುತ್ತಿರುತ್ತದೆ. ಗೆರೆ ಸುಳ್ಳು ಹೇಳುತ್ತದೆ, ಅಂಕಿ ಅದರ ಪರವಾಗಿ ಸಾಕ್ಷಿ ನುಡಿಯುತ್ತದೆ.

ಉಳಿದ ನಕ್ಷೆಗಳಲ್ಲಾದರೆ ಇದರಿಂದ ಏನೂ ಆಗುತ್ತಿರಲಿಲ್ಲ. ಜನ ಅಂಕಿ ಓದಿ ಕೆಲಸ ಮಾಡುತ್ತಾರೆ. ಈ ಹಾಳೆ ಹಾಗಲ್ಲ. ಇದು ಕಲ್ಲಿನಷ್ಟೇ ದೊಡ್ಡದಾದ ಪ್ಲಾಸ್ಟಿಕ್ ಹಾಳೆ. ಇದನ್ನು ಕಲ್ಲಿನ ಮೇಲೆ ಅಂಟಿಸುತ್ತಾರೆ, ಗೆರೆಯ ಗುಂಟ ಗರಗಸ ಓಡಿಸುತ್ತಾರೆ.

ಆ ಕಲ್ಲು ಇದ್ದದ್ದೇ ಒಂದು. ಹಳೆಯ ಗ್ರಂಥಾಲಯದ ಕಲ್ಲಿನ ಮೆಟ್ಟಿಲಲ್ಲಿ ತಿರುವಿನಲ್ಲಿ ಕಾಲಿಡುವ ಹಾಸುಗಲ್ಲು ಸೀಳಿಹೋಗಿತ್ತು. ಅದರ ಹಿಂಬದಿ ನೇರವಾಗಿ ಗೋಡೆಯೊಳಗೆ ಕೂರುತ್ತದೆ, ಮುಂಬದಿ ಬಿಲ್ಲಿನಂತೆ ಬಾಗಿರುತ್ತದೆ. ಅದೇ ಬಣ್ಣದ ಕಲ್ಲು ಸಿಗುವ ಗಣಿ ಮುಚ್ಚಿ ಒಂದು ತಲೆಮಾರಾಗಿತ್ತು. ಕೊನೆಗೆ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ, ಮುರಿದ ಕುರ್ಚಿಗಳ ಹಿಂದೆ, ಕಟ್ಟಿದವರು ಉಳಿಸಿಹೋಗಿದ್ದ ಒಂದು ಚಪ್ಪಡಿ ಸಿಕ್ಕಿತು. ಒಂದು ಹಾಸುಗಲ್ಲಿಗೆ ಆಗುವಷ್ಟು ಇತ್ತು, ಎರಡಕ್ಕಿಲ್ಲ.

ಅದನ್ನು ಕೊಯ್ಯಲು ನನ್ನ ಭಾಮೈದನ ಹೆಸರು ಹೇಳಿದವನು ನಾನೇ. ಹೆಂಡತಿಯ ತಮ್ಮ. ಕೈ ಒಳ್ಳೆಯದು, ಬಾಯಿ ಜೋರು. ಬೇರೆಯವರ ಬಳಿ ದುಡಿದದ್ದು ಸಾಕೆಂದು ಹೊಸದಾಗಿ ಸ್ವಂತ ಶೆಡ್ಡು ಹಾಕಿದ್ದ. ಅಲ್ಲಿಯವರೆಗೆ ಅಡುಗೆಮನೆ ಕಟ್ಟೆ, ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಅವನಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ನಮ್ಮ ಆಫೀಸಿನ ಒಡತಿ, ನಾವೆಲ್ಲ ಮೇಡಂ ಅನ್ನುವ ಎಂಜಿನಿಯರು, ಎರಡು ದಿನ ಯೋಚಿಸಿ ಒಪ್ಪಿಕೊಂಡಿದ್ದರು. "ಭಾಮೈದ ಅಂತ ಕೊಡ್ತಿಲ್ಲ. ನಿಮ್ಮ ಮಾತಿನ ಮೇಲೆ ಕೊಡ್ತಿದೀನಿ. ಆ ಕಲ್ಲು ಹೋಯ್ತು ಅಂದ್ರೆ ಅವರಿಗೆ ಈ ಊರಲ್ಲಿ ಇನ್ಯಾರೂ ಕಲ್ಲು ಮುಟ್ಟಕ್ಕೆ ಬಿಡಲ್ಲ, ಗೊತ್ತಿದೆ ತಾನೆ?"

ಗೊತ್ತಿತ್ತು. ನಾನು ಫೋನು ತೆಗೆದೆ.

"ಏನ್ ಭಾವ, ಬೆಳಿಗ್ಗೆ ಬೆಳಿಗ್ಗೆ ಗೂಬೆ ಕೂಗಿದ ಹಾಗೆ?" ಭಾಮೈದನ ದನಿಯ ಹಿಂದೆ ನೀರು ಸುರಿಯುವ ಸದ್ದಿತ್ತು.

"ಗರಗಸ ಇಟ್ಟೆಯೇನೋ?"

"ಹಿಂಬದಿ ನೇರ ಗೆರೆ ಆಯ್ತು. ಬೆಣ್ಣೆ ಕೊಯ್ದ ಹಾಗೆ ಬಂತು. ಈಗ ಮುಂದಿನ ಬಾಗು. ಯಾಕೆ, ರಾತ್ರಿ ನಿದ್ದೆ ಬಂತಾ ಇಲ್ವಾ?"

"ಒಂದು ನಿಮಿಷ ನಿಲ್ಲಿಸು. ಹಾಳೆ ಮೂಲೆಯ ಪಟ್ಟಿ ಅಳೆದು ಹೇಳು."

ಪ್ರಿಂಟರುಗಳು ಹೇಳದೆ ಕೇಳದೆ ಚಿತ್ರವನ್ನು ಹಾಳೆಗೆ ತಕ್ಕಂತೆ ಕುಗ್ಗಿಸುವುದುಂಟು. ಆ ಭಯಕ್ಕೆ ನಾನು ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ದಪ್ಪ ಕಪ್ಪು ಪಟ್ಟಿ ಬರೆಯುತ್ತೇನೆ, ಸರಿಯಾಗಿ ನೂರು ಮಿಲಿಮೀಟರ್ ಉದ್ದದ್ದು. ಭಾಮೈದ ಅದಕ್ಕೆ 'ಭಾವನ ಮೀಸೆ' ಎಂದು ಹೆಸರಿಟ್ಟಿದ್ದ. ಮೀಸೆ ನೂರಿದ್ದರೆ ಎಲ್ಲ ಸರಿ, ಬೇರೇನೂ ನೋಡಬೇಡ, ಗೆರೆಯ ಮೇಲೆ ಹೋಗು ಎಂದು ಅವನಿಗೆ ಕಲಿಸಿದವನೂ ನಾನೇ.

"ನಿನ್ನೇನೇ ಅಳೆದೆನಲ್ಲ ಭಾವ."

"ಇನ್ನೊಂದ್ಸಲ ಅಳಿಯೋ ಮಾರಾಯ."

ಗೊಣಗುತ್ತ ಹೋದ. ಟೇಪು ಎಳೆದ ಸದ್ದು ಕೇಳಿಸಿತು. "ನೂರು. ತೊಂಬತ್ತೊಂಬತ್ತೂ ಅಲ್ಲ, ನೂರಾ ಒಂದೂ ಅಲ್ಲ. ನಿಮ್ಮ ಮೀಸೆ ನೆಟ್ಟಗಿದೆ. ಮಣ್ಣಾಗಿಲ್ಲ. ಆಯ್ತಾ? ನಾನಿನ್ನು ಫೋನು ಡಬ್ಬಿಗೆ ಹಾಕ್ತೀನಿ, ಇಲ್ಲೆಲ್ಲ ರಾಡಿ ಹಾರುತ್ತೆ. ಮಧ್ಯಾಹ್ನ ಮಾತಾಡೋಣ."

ಕುರ್ಚಿಗೆ ಒರಗಿ ಉಸಿರು ಬಿಟ್ಟೆ. ಅಂದರೆ ಕಿಟಕಿಯನ್ನು ಯಾರೋ ಪ್ರಿಂಟಾದ ಮೇಲೆ ತಳ್ಳಿದ್ದರು. ಇರಲಿ. ಸರಿಮಾಡಿ, ಬೀಗ ಹಾಕಿ, ಮುಚ್ಚಿಬಿಡೋಣ ಎಂದು ಚೌಕದಲ್ಲಿ 0.985 ಅಳಿಸಿ 1 ಎಂದು ಒತ್ತಿದೆ.

ಕಿಟಕಿಯೊಳಗಿನ ಚಿತ್ರ ಒಂದು ಉಸಿರಿನಷ್ಟು ಹಿಗ್ಗಿತು.

ಮೂಲೆಯ ಪಟ್ಟಿ ಅಲುಗಲಿಲ್ಲ.

ನಾನು ಅದನ್ನೇ ನೋಡುತ್ತ ಕೂತೆ. ಮತ್ತೆ 0.985 ಎಂದು ಒತ್ತಿದೆ. ಚಿತ್ರ ಕುಗ್ಗಿತು. ಪಟ್ಟಿ ಹಾಗೇ ಇತ್ತು. ಅದು ಕಿಟಕಿಯೊಳಗೆ ಇರಲೇ ಇಲ್ಲ. ಹಾಳೆಯ ಮೇಲಿತ್ತು, ಗೋಡೆಗೆ ಹೊಡೆದ ಮೊಳೆಯಂತೆ. ಕಿಟಕಿಯನ್ನು ಎಷ್ಟು ತಳ್ಳಿದರೂ ಅದು ನೂರೇ. ಅದು ಪ್ರಿಂಟರಿನ ಸಾಚಾತನ ಹೇಳಬಲ್ಲದು, ಕಿಟಕಿಯದ್ದಲ್ಲ. ಇಷ್ಟು ವರ್ಷ ಪ್ರತಿ ಹಾಳೆಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತಿದ್ದೆ. ಆದರೆ ಪಕ್ಕದ ಮನೆಯ ಬಾಗಿಲಿಗೆ ನಿಲ್ಲಿಸುತ್ತಿದ್ದೆ.

ಫೋನು ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದೆ. ತಗಡಿನ ಡಬ್ಬಿಯೊಳಗೆ ಅದು ಒದ್ದಾಡುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು.

ಮೇಡಂ ಗಾಜಿನ ಕೋಣೆಯೊಳಗೆ ಚೀಲಕ್ಕೆ ಕಾಗದ ತುಂಬುತ್ತಿದ್ದರು, ಗ್ರಂಥಾಲಯಕ್ಕೇ ಹೊರಟಿದ್ದರು. ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ಏನಾಯ್ತು ಇನ್ನೊಂದ್ಸಲ ಅವರೇ?"

ಹೇಳಿದೆ. ಕಿಟಕಿ ತಳ್ಳಲ್ಪಟ್ಟದ್ದು, ಬೀಗ ತೆರೆದಿದ್ದದ್ದು, ಪಟ್ಟಿ ಹೊರಗಿದ್ದದ್ದು, ಫೋನು ಡಬ್ಬಿಯಲ್ಲಿರುವುದು.

ಅವರು ಹಣೆ ಒತ್ತಿಕೊಂಡರು. "ನಿನ್ನೆ ಸಂಜೆ ನೀವು ಎದ್ದು ಹೋದಾಗ ನಾನು ನಿಮ್ಮ ಟೇಬಲ್ಲಲ್ಲಿ ಕೂತಿದ್ದೆ. ಗೋಡೆ ಕಡೆ ಮೂಲೆ ಹತ್ತಿರ ತಂದು ನೋಡಿದೆ. ಆಮೇಲೆ ಪೂರ್ತಿ ಚಿತ್ರ ಮತ್ತೆ ಕಿಟಕಿಗೆ ತುಂಬಿಸಿಟ್ಟೆ. ಮೊದಲಿನ ಹಾಗೇ ಕಾಣ್ತಿತ್ತು."

"ಅದು ಪ್ರಿಂಟಿಗೆ ಮುಂಚೆಯೋ ಆಮೇಲೋ ಮೇಡಂ?"

"ನೆನಪಿಲ್ಲ. ನಿಮಗೆ?"

ನನಗೂ ಇರಲಿಲ್ಲ. ಭಾಮೈದ ಕೆಳಗೆ ಬೀದಿಯಲ್ಲಿ ನಿಂತು ಹಾರ್ನು ಬಾರಿಸುತ್ತಿದ್ದ. ಅದೊಂದೇ ನೆನಪಿತ್ತು. "ಬೀಗ ಹಾಕಬೇಕಾಗಿದ್ದವನು ನಾನು," ಅಂದೆ.

"ಅದನ್ನ ಆಮೇಲೆ ಹಂಚಿಕೊಳ್ಳೋಣ. ಸ್ಕೇಲ್ ಒಂದಕ್ಕೆ ಇಡಿ, ಬೀಗ ಹಾಕಿ, ಪಟ್ಟಿ ಒಳಗೆ ಬರೀರಿ. ಹೊಸ ಹಾಳೆ ಬರೋವರೆಗೆ ಕಾಯಬೇಡಿ, ಅದನ್ನ ನಾನು ತರ್ತೀನಿ." ಸ್ಕೂಟರಿನ ಕೀಲಿ ಮೇಜಿನ ಮೇಲೆ ಜಾರಿಸಿದರು. "ನೀವು ಹೋಗಿ. ಹಳೇ ಹಾಳೆ ಸರಿ ಇದೆಯೋ ಇಲ್ವೋ, ಎರಡರಲ್ಲೊಂದು ಗೊತ್ತಾಗಲಿ."

ಸ್ಕೇಲ್ ಒಂದಕ್ಕಿಟ್ಟು, ಪಟ್ಟಿಯನ್ನು ಕಿಟಕಿಯೊಳಗೆ ಬರೆದು, ಬೀಗ ಹಾಕಿದೆ. ಹಾಕಿದ್ದನ್ನು ಜಗ್ಗಿ ನೋಡಿದೆ. ಇಳಿಯುವ ಮೆಟ್ಟಿಲಲ್ಲೇ ಹೆಂಡತಿಗೆ ಫೋನು ಮಾಡಿದೆ. ಅಕ್ಕನ ಹೆಸರು ಕಂಡರಾದರೂ ಎತ್ತಬಹುದೇನೋ ಎಂಬ ಆಸೆ.

"ನಿನ್ನ ತಮ್ಮನಿಗೆ ಫೋನು ಹಚ್ಚು. ಗರಗಸ ನಿಲ್ಲಿಸು ಅನ್ನು. ಎತ್ತೋವರೆಗೂ ಬಿಡಬೇಡ."

"ಏನ್ರೀ ಆಯ್ತು? ಕೈಗಿಯ್ಯಿಗೆ..."

"ಕೈಗೇನೂ ಆಗಿಲ್ಲ. ಕಲ್ಲಿಗೆ. ಹಾಳೆ ಅಳತೆ ತಪ್ಪಿರಬಹುದು."

"ತಪ್ಪು ಅವನದೋ ನಿಮ್ಮದೋ?"

"ನಂದು."

"ಹಾಗಾದ್ರೆ ಓಡಿ. ಅವನದಾಗಿದ್ರೆ ನಿಧಾನಕ್ಕೆ ಹೋಗಿ ಅಂತಿದ್ದೆ."

ಶೆಡ್ಡಿಗೆ ಹೋಗುವ ರಸ್ತೆಯನ್ನು ಕೊಳವೆ ಹೂಳಲು ಅಗೆದಿದ್ದರು. ಸ್ಕೂಟರನ್ನು ಅಂಗಡಿಗಳ ಹಿಂದಿನ ಸಂದಿಗೆ ತಿರುಗಿಸಿದೆ. ಅಲ್ಲೊಂದು ಲಾರಿ ಸಿಮೆಂಟು ಚೀಲ ಇಳಿಸುತ್ತ ಅಡ್ಡ ನಿಂತಿತ್ತು. "ಅರ್ಜೆಂಟ್ ಇದೆ, ಸ್ವಲ್ಪ ಬಿಡಿ," ಎಂದೆ. ಚೀಲ ಹೊತ್ತವನು, "ನನಗೂ ಅರ್ಜೆಂಟೇ ಸ್ವಾಮಿ, ಇದು ಬೆನ್ನ ಮೇಲಿದೆ," ಅಂದ. ಗೋಡೆಗೂ ಲಾರಿಗೂ ನಡುವೆ ಸ್ಕೂಟರನ್ನು ತಳ್ಳಿಕೊಂಡು, ಕನ್ನಡಿ ಒಂದನ್ನು ಒಳಕ್ಕೆ ಮಡಚಿ ನುಸುಳಿದೆ. ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ನಮ್ಮ ಹಾಸಿನ ಉದ್ದ ಸಾವಿರದ ನೂರಾ ಎಂಬತ್ತು ಮಿಲಿಮೀಟರ್. ಹಾಳೆ ಕುಗ್ಗಿದ್ದರೆ ಅದು ಸಾವಿರದ ನೂರಾ ಅರವತ್ತೆರಡು. ಎರಡು ಬೆರಳಿಗೂ ಕಡಿಮೆ ವ್ಯತ್ಯಾಸ. ಆದರೆ ಕಲ್ಲನ್ನು ಬಟ್ಟೆಯ ಹಾಗೆ ಎಳೆದು ಕೂರಿಸಲಾಗುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಸಲ ದೊಣ್ಣೆ ನನ್ನ ಕೈಯಲ್ಲಿತ್ತು.

ಗರಗಸದ ಕೂಗು ಬೀದಿಗೇ ಕೇಳುತ್ತಿತ್ತು. ನನಗೆ ಅದು ಬೇಕಿರಲಿಲ್ಲ.

ಶೆಡ್ಡಿನ ನಡುವೆ ಕಬ್ಬಿಣದ ಮೇಜಿನ ಮೇಲೆ ಚಪ್ಪಡಿ ಮಲಗಿತ್ತು. ಮೈಮೇಲೆ ನನ್ನ ಹಾಳೆ, ಅಂಚುಗಳಿಗೆ ಟೇಪು. ಭಾಮೈದ ನನಗೆ ಬೆನ್ನು ಮಾಡಿ ಬಾಗಿ ನಿಂತಿದ್ದ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಎರಡು ಕೈಯಲ್ಲೂ ಒತ್ತಿ ಹಿಡಿದ ಕರೆಂಟಿನ ಗರಗಸ. ಬ್ಲೇಡಿನ ಮೇಲೆ ರಬ್ಬರ್ ನಳಿಕೆಯಿಂದ ನೀರು ಸುರಿದು, ಕಲ್ಲಿನ ಹಿಟ್ಟು ಬಿಳಿ ಗಂಜಿಯಾಗಿ ನೆಲಕ್ಕೆ ಇಳಿಯುತ್ತಿತ್ತು. ಮುಂಬದಿಯ ಬಾಗಿನ ಒಂದು ತುದಿಯಿಂದ ಹೊರಟು ಬ್ಲೇಡು ಆಗಲೇ ಒಂದು ಗೇಣು ಒಳಗೆ ಹೋಗಿತ್ತು.

ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ.

ಭುಜ ಮುಟ್ಟುವಂತಿಲ್ಲ. ಓಡುವ ಬ್ಲೇಡು ಹಿಡಿದವನನ್ನು ಹಿಂದಿನಿಂದ ಮುಟ್ಟಬಾರದು ಎಂದು ಅವನೇ ನನಗೆ ಎಷ್ಟೋ ಸಲ ಹೇಳಿದ್ದ. ಬೆಚ್ಚಿದರೆ ಹೋಗುವುದು ಕಲ್ಲಲ್ಲ, ಬೆರಳು. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಕಡೆ ಎರಡು ಹೆಜ್ಜೆ ಹಾಕಿದೆ. ಕೈ ಎತ್ತಿದೆ, ಇಳಿಸಿದೆ. ಬ್ಲೇಡು ಕಲ್ಲಿನೊಳಗಿರುವಾಗಲೇ ಕರೆಂಟು ತೆಗೆದರೆ ಅದು ಅಲ್ಲೇ ಕಚ್ಚಿಕೊಂಡು ಅಂಚು ಸಿಡಿಯಬಹುದು. ಹಾಳೆ ಸರಿಯಾಗಿಯೇ ಇದ್ದರೆ? ಆಗ ಒಳ್ಳೆಯ ಕಲ್ಲನ್ನು ನನ್ನ ಅನುಮಾನವೇ ಒಡೆದಂತಾಗುತ್ತದೆ. ನಿಲ್ಲಿಸದೆ ಇದ್ದು, ಹಾಳೆ ತಪ್ಪಿದ್ದರೆ? ನಾನು ಯೋಚಿಸುತ್ತಿದ್ದ ಹಾಗೇ ಬ್ಲೇಡು ಒಂದು ಬೆರಳಿನಷ್ಟು ಮುಂದೆ ಹೋಯಿತು.

ಆಗ ಕಣ್ಣು ನಳಿಕೆಯ ಮೇಲೆ ಬಿತ್ತು. ಅದರ ಗುಂಟ ಹಿಂದಕ್ಕೆ ನೋಡಿದೆ. ಬಾಗಿಲ ಪಕ್ಕದ ನಲ್ಲಿಗೆ ಸಿಕ್ಕಿಸಿತ್ತು. ಹೋಗಿ ನಲ್ಲಿ ತಿರುಗಿಸಿ ಬಿಗಿದೆ.

ನೀರು ನಿಂತಿತು. ಕ್ಷಣದಲ್ಲಿ ಬ್ಲೇಡಿನ ಕೆಳಗಿಂದ ಬೂದಿ ಬಣ್ಣದ ಧೂಳು ಎದ್ದಿತು. ಭಾಮೈದ ಗರಗಸವನ್ನು ಮೆತ್ತಗೆ, ಬಂದ ದಾರಿಯಲ್ಲೇ ಮೇಲಕ್ಕೆತ್ತಿಕೊಂಡ. ಕೂಗು ಇಳಿಯಿತು.

"ಯಾವನೋ ಅದು ನೀರು ನಿಲ್ಲಿಸಿದ್ದು!" ಎಂದು ಮುಚ್ಚಳ ಕಿತ್ತು ತಿರುಗಿದವನು ನನ್ನನ್ನು ನೋಡಿ ಬಾಯಿ ಬಿಟ್ಟ. "ಭಾವ? ನೀವಾ? ಬ್ಲೇಡು ಸುಟ್ಟು ಹೋಗ್ತಿತ್ತಲ್ರೀ!"

"ಟೇಪು ಕೊಡು."

"ಮೀಸೆ ಅಳೆದೆನಲ್ಲ, ನೂರು ಅಂತ ಹೇಳ್ಲಿಲ್ವಾ?"

"ಮೀಸೆ ಅಲ್ಲ. ಉದ್ದ ಅಳೀಬೇಕು. ಕೊಡು."

ಅವನು ಟೇಪಿನ ತುದಿ ಹಿಡಿದ. ನಾನು ಇನ್ನೊಂದು ತುದಿಗೆ ಹೋಗಿ ಬಾಗಿದೆ. ಹಾಳೆಯ ಮೇಲಿನ ಅಂಕಿ ಸಾವಿರದ ನೂರಾ ಎಂಬತ್ತು ಅನ್ನುತ್ತಿತ್ತು. ಅದರ ಗೆರೆ ನಿಂತದ್ದು ಸಾವಿರದ ನೂರಾ ಅರವತ್ತೆರಡರಲ್ಲಿ.

ಭಾಮೈದ ಬಂದು ನನ್ನ ಭುಜದ ಮೇಲಿಂದ ಟೇಪನ್ನೂ ಅಂಕಿಯನ್ನೂ ನೋಡಿದ. ಮತ್ತೆ ನೋಡಿದ.

"ಇದೇನ್ ಭಾವ ಇದು?" ಅವನ ದನಿಯಲ್ಲಿ ಜೋರು ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಅಳೆದೆ, ಇವತ್ತು ಅಳೆದೆ. ನೂರು ಇತ್ತು."

"ಪಟ್ಟಿ ಹಾಳೆ ಮೇಲಿರೋದು. ಕಲ್ಲಿನ ಗೆರೆ ಕಿಟಕಿ ಒಳಗಿರೋದು. ಕಿಟಕಿ ಜರುಗಿತ್ತು, ಪಟ್ಟಿಗೆ ಅದು ಗೊತ್ತಾಗಲ್ಲ. ನಾನು..."

"ಕಿಟಕಿ ಬಾಗಿಲು ನನಗೆ ಗೊತ್ತಿಲ್ಲ ಭಾವ." ಕೈಗವಸು ಕಿತ್ತು ನೆಲಕ್ಕೆ ಎಸೆದ. "ನನಗೆ ನೀವು ಗೊತ್ತು. ಊಟಕ್ಕೆ ಕೂತರೆ ಉಪ್ಪು ಎರಡು ಸಲ ನೋಡೋ ಮನುಷ್ಯ. ನಿಮ್ಮ ಹಾಳೆ ಅಳೆಯೋದೂ ಒಂದೇ, ಸೂರ್ಯ ಹುಟ್ಟಿದನಾ ಅಂತ ನೋಡೋದೂ ಒಂದೇ ಅಂದ್ಕೊಂಡಿದ್ದೆ."

ಅವನು ಚಪ್ಪಡಿಯ ಸುತ್ತ ಒಂದು ಸುತ್ತು ಹಾಕಿ, ತಾನು ಕೊಯ್ದಿದ್ದ ಗೇಣುದ್ದದ ಸೀಳಿನ ಬಳಿ ಕುಕ್ಕರುಗಾಲಲ್ಲಿ ಕೂತ. ಸೀಳಿನಲ್ಲಿ ನಿಂತ ನೀರನ್ನು ಬೆರಳಿಂದ ಒರೆಸಿದ. ಮೂಲೆಯಲ್ಲಿ ತಗಡಿನ ಡಬ್ಬಿ ಗರಗುಟ್ಟುತ್ತಿತ್ತು. ಅಕ್ಕ ಬಿಡದೆ ಹಚ್ಚುತ್ತಿದ್ದಳು.

ಮೇಡಂ ಬಂದದ್ದು ಬಾಡಿಗೆ ಕಾರಿನಲ್ಲಿ, ಉದ್ದನೆಯ ಸುರುಳಿಯನ್ನು ಕಿಟಕಿಯಿಂದ ಹೊರಕ್ಕೆ ಚಾಚಿಕೊಂಡು. ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡರು. "ಎಷ್ಟು ಹೋಗಿದೆ?" ಎಂದಷ್ಟೇ ಕೇಳಿದರು.

"ಹಿಂಬದಿ ಪೂರ್ತಿ. ಮುಂದೆ ಒಂದು ಗೇಣು. ಎರಡೂ ಪಕ್ಕ ಇನ್ನೂ ಮುಟ್ಟಿಲ್ಲ," ಅಂದ ಭಾಮೈದ, ಏಳದೆಯೇ.

ಹೊಸ ಹಾಳೆ ಬಿಚ್ಚಿದೆವು. ಮೊದಲು ಅದನ್ನು ಅಳೆದೆ: ಒಳಗೆ ಬರೆದ ಪಟ್ಟಿ, ಆಮೇಲೆ ಉದ್ದ, ಆಮೇಲೆ ಮೂಲೆಯಿಂದ ಮೂಲೆಗೆ. ಸರಿಯಿತ್ತು. ಹಳೆಯದನ್ನು ಕಿತ್ತು ಹೊಸದನ್ನು ಕಲ್ಲಿನ ಮೇಲೆ ಹಾಸಿದೆವು. ಹಿಂಬದಿಯ ಗೆರೆಯನ್ನು ಕೊಯ್ದ ಅಂಚಿಗೆ ಕೂಡಿಸಿದರೆ, ಮುಂದೆ ಭಾಮೈದನ ಸೀಳು ನಿಜವಾದ ಗೆರೆಯಿಂದ ಒಳಗಡೆಗೆ, ಕಲ್ಲಿನ ಮೈಯಲ್ಲೇ ಕಂಡಿತು. ಮೆಟ್ಟಿಲು ಹತ್ತುವವರ ಕಣ್ಣಿಗೆ ನೇರ ಬೀಳುವ ಜಾಗ.

"ಸೀಳು ತುಂಬಿಸಿ ಪಾಲಿಶ್ ಹೊಡೀಬಹುದು," ಅಂದ ಭಾಮೈದ. ತಾನೇ ತಲೆಯಾಡಿಸಿದ. "ಬೇಡ. ಎರಡು ಮಳೆಗಾಲಕ್ಕೆ ಹಲ್ಲು ಬಿದ್ದ ಹಾಗೆ ಕಾಣುತ್ತೆ."

ಮೇಡಂ ಹಾಳೆಯ ಮೇಲೆ ಅಂಗೈ ಇಟ್ಟು ಅದನ್ನು ಹಿಂದಕ್ಕೆ, ಗೋಡೆಯ ಕಡೆಗೆ, ಮೆಲ್ಲಗೆ ಜರುಗಿಸಿದರು. ಮುಂದಿನ ಗೆರೆ ಸೀಳಿನ ಮೇಲೆ ಬಂದು ಕೂತಿತು. ಈಗ ಹಿಂದೆ, ಹಾಳೆಯ ನೇರ ಗೆರೆ ಕಲ್ಲಿನ ಅಂಚು ದಾಟಿ ಗಾಳಿಯಲ್ಲಿತ್ತು. ಅಷ್ಟು ಕಲ್ಲು ಇಲ್ಲ.

"ಗೋಡೆ ಒಳಗೆ ಎಷ್ಟು ಕೂರಬೇಕು ಅಂತ ಬರೆದಿದ್ರಿ?" ಎಂದು ನನ್ನ ಕಡೆ ತಿರುಗಿದರು.

"ಅರವತ್ತು."

"ಹಿಂದೆ ಕಮ್ಮಿ ಆಗಿರೋದು ಗೋಡೆ ಒಳಗೆ ಮುಚ್ಚಿಹೋಗುತ್ತೆ. ಯಾರಿಗೂ ಕಾಣಲ್ಲ. ಆದರೆ ಕಾಣಲ್ಲ ಅಂತ ನಾನು ಒಪ್ಪಲ್ಲ. ಐವತ್ತು ಕೂತರೆ ಭಾರ ಹೊರುತ್ತೆ, ಸಹಿ ಹಾಕ್ತೀನಿ. ಐವತ್ತಕ್ಕಿಂತ ಒಂದು ಕೂದಲು ಕಡಿಮೆ ಆದರೂ ಇಲ್ಲ. ಆಗ ಈ ಕಲ್ಲು ಅಡುಗೆಮನೆ ಕಟ್ಟೆಗೆ." ಚೀಲದಿಂದ ಉಕ್ಕಿನ ಅಳತೆಪಟ್ಟಿ ತೆಗೆದು ನನ್ನ ಮುಂದೆ ಹಿಡಿದರು. "ಎಷ್ಟು ಹೊರಗಿದೆ, ಅಳೀರಿ."

"ನಾನಾ?"

"ಗೋಡೆ ಅಳೆದವರು ನೀವು, ಬರೆದವರು ನೀವು. ನೀವೇ ಹೇಳಬೇಕು."

ಹತ್ತು ಮಿಲಿಮೀಟರ್ ನನ್ನ ಬಳಿ ಇತ್ತು. ಅದರೊಳಗೆ ಇರಬೇಕು. ಬೆಳಕಿಗೆ ಅಡ್ಡ ಬರದಂತೆ ಮಂಡಿಯೂರಿದೆ. ಬಲತುದಿಯಲ್ಲಿ ಪಟ್ಟಿಯನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಒಂಬತ್ತು. ಎಡತುದಿಗೆ ಮಂಡಿಯಲ್ಲೇ ತೆವಳಿದೆ. ಅಲ್ಲಿ ಗೆರೆ ಒಂಬತ್ತು ದಾಟಿತ್ತು. ಹತ್ತು ಮುಟ್ಟಿರಲಿಲ್ಲ. ಅಥವಾ ಮುಟ್ಟಿತ್ತೇ? ಹಾಳೆಯ ಗೆರೆಗೂ ಒಂದು ದಪ್ಪವಿರುತ್ತದೆ. ಗೆರೆಯ ಒಳಗಿನಿಂದ ಅಳೆಯಬೇಕೋ, ನಡುವಿನಿಂದಲೋ? ಬರೆದವನು ನಾನು, ನನಗೆ ಗೊತ್ತಿರಬೇಕು. ನಡುವಿನಿಂದ. ಬೆವರು ಕಣ್ಣಿಗೆ ಇಳಿಯಿತು.

"ಎಷ್ಟು ಭಾವ?" ಭಾಮೈದನ ದನಿ ಪಿಸುಮಾತಿನಂತಿತ್ತು.

ಒಂಬತ್ತು ಅಂದುಬಿಡಬಹುದಿತ್ತು. ಅವನ ಮುಖ ನೋಡಿದರೆ ಎಂಟು ಅಂದುಬಿಡುವಂತಿತ್ತು.

"ಈ ತುದಿ ಒಂಬತ್ತೂವರೆ."

"ಖಚಿತವಾ?" ಅಂದರು ಮೇಡಂ.

ನನ್ನ ಬಾಯಿಗೆ ಬಂದದ್ದು ಅದೇ ಹಳೆಯ ಮಾತು. "ಇನ್ನೊಂದ್ಸಲ ನೋಡ್ತೀನಿ."

ಯಾರೂ ನಗಲಿಲ್ಲ. ಭಾಮೈದ ಬಂದು ಪಕ್ಕದಲ್ಲಿ ಮಂಡಿಯೂರಿ, ಹಾಳೆ ಅಲುಗದಂತೆ ಎರಡೂ ಅಂಗೈ ಒತ್ತಿ ಹಿಡಿದ. ಅವನ ಉಗುರುಗಳ ಸುತ್ತ ಬಿಳಿ ರಾಡಿ ಒಣಗಿತ್ತು. ಪಟ್ಟಿಯನ್ನು ತೆಗೆದು, ಒರೆಸಿ, ಮತ್ತೆ ಇಟ್ಟೆ. ನೋಡಿದೆ. ಪಟ್ಟಿ ತಿರುಗಿಸಿ ಇನ್ನೊಂದು ಮುಖದಿಂದಲೂ ನೋಡಿದೆ.

"ಒಂಬತ್ತೂವರೆ. ಖಚಿತ. ಐವತ್ತೂವರೆ ಗೋಡೆ ಒಳಗೆ ಕೂರುತ್ತೆ."

ಮೇಡಂ ಒಂದು ಕ್ಷಣ ಸೂರನ್ನು ನೋಡಿದರು. ಆಮೇಲೆ ಪೆನ್ನು ತೆಗೆದು ಹೊಸ ಹಾಳೆಯ ಮೂಲೆಯಲ್ಲಿ ಸಹಿ ಹಾಕಿದರು. "ಕೊಯ್ಯಿರಿ. ಕೂರಿಸುವಾಗ ನಾನೂ ನಿಂತಿರ್ತೀನಿ." ಬಾಗಿಲ ಬಳಿ ನಿಂತು ನನಗೆ ಮಾತ್ರ ಕೇಳುವಂತೆ ಅಂದರು, "ಇನ್ಮೇಲೆ ನಿಮ್ಮ ಟೇಬಲ್ಲಲ್ಲಿ ಕೂತರೆ ಕೈ ಕಟ್ಟಿಕೊಂಡು ಕೂರ್ತೀನಿ." ನಗುವ ಧೈರ್ಯ ನನಗೆ ಬರಲಿಲ್ಲ.

ಅವರ ಕಾರು ಹೋಯಿತು. ಭಾಮೈದ ಹಾಳೆಯ ಅಂಚುಗಳಿಗೆ ಟೇಪು ಹಚ್ಚಿ, ಕೈಗವಸು ಹುಡುಕಿ ಹಾಕಿಕೊಂಡು, ಗರಗಸ ಎತ್ತಿದ. ಇಳಿಸಿದ.

"ಏನಾಯ್ತೋ?"

"ನನಗೂ ಅನುಮಾನ ಹತ್ತಿಕೊಳ್ತು. ನಿಮ್ಮ ಗಾಳಿ ಬೀಸಿತು." ಅಂಗೈಯನ್ನು ತೊಡೆಗೆ ಉಜ್ಜಿಕೊಂಡ. "ಒಂದು ಕೆಲಸ ಮಾಡಿ. ಆ ನಲ್ಲಿ ಹತ್ರ ಹೋಗಿ ನಿಂತ್ಕೊಳ್ಳಿ. ನೀರು ನೀವೇ ಬಿಡಿ. ಕೈ ಮಾತ್ರ ತೆಗೀಬೇಡಿ. ಏನಾದ್ರೂ ಅನುಮಾನ ಬಂದರೆ ಮುಚ್ಚಿ, ನಾನು ಎತ್ತಿಬಿಡ್ತೀನಿ."

"ಅನುಮಾನ ಬರದೆ ಇರೋ ಗಳಿಗೆ ನನಗಿಲ್ವಲ್ಲೋ."

"ದೊಡ್ಡ ಅನುಮಾನ ಬಂದರೆ ಮಾತ್ರ ಭಾವ. ಚಿಲ್ಲರೆದು ಬೇಡ."

ಹೋಗಿ ನಿಂತೆ. ನೀರು ಬಿಟ್ಟೆ. ಬ್ಲೇಡು ತಾನೇ ಕೊಯ್ದಿದ್ದ ಸೀಳಿನೊಳಗೆ ಇಳಿಯಿತು, ಅದರ ಕೊನೆ ಮುಟ್ಟಿತು, ಹೊಸ ಗೆರೆಯ ಮೇಲೆ ಮುಂದಕ್ಕೆ ನಡೆಯಿತು. ಬಿಳಿ ಗಂಜಿ ನನ್ನ ಚಪ್ಪಲಿಯವರೆಗೆ ಹರಿದು ಬಂತು. ನಾನು ಕದಲಲಿಲ್ಲ. ಗೆರೆಯನ್ನು ನೋಡಬೇಕೋ ಅವನ ಕೈಯನ್ನು ನೋಡಬೇಕೋ ತಿಳಿಯದೆ ಎರಡನ್ನೂ ನೋಡಿದೆ. ನಲ್ಲಿಯ ಹಿಡಿಕೆ ಅಂಗೈಯಲ್ಲಿ ತಣ್ಣಗೆ ಕೊರೆಯುತ್ತಿತ್ತು. ನಾಲ್ಕೈದು ಸಲ ಬೆರಳು ಬಿಗಿಯಾದವು, ನಾಲ್ಕೈದು ಸಲವೂ ಚಿಲ್ಲರೆ ಅನುಮಾನ ಎಂದು ಹೇಳಿಕೊಂಡು ಸಡಿಲಿಸಿದೆ.

ಕೊನೆಗೆ ಹೊರಗಿನ ತುಂಡು ಕಳಚಿ, ಅವನು ಅಡಿಗೆ ಕೊಟ್ಟಿದ್ದ ಮರದ ಹಲಗೆಯ ಮೇಲೆ ಮೆತ್ತಗೆ ಕೂತಿತು. ಕೂಗು ಇಳಿಯಿತು. ಎರಡೂ ಪಕ್ಕಗಳನ್ನು ಕೊಯ್ದ ಮೇಲೆ ಭಾಮೈದ ಹಾಳೆ ಸುಲಿದು, ಬಾಗಿದ ಅಂಚಿನ ಮೇಲೆ ಬಕೆಟ್ಟು ನೀರು ಸುರಿದ. ಹಸಿ ಕಲ್ಲು ಕಪ್ಪಗೆ ಹೊಳೆಯಿತು. ಅಂಚಿನಲ್ಲಿ ಒಂದು ಚಕ್ಕೆಯೂ ಎದ್ದಿರಲಿಲ್ಲ.

ಡಬ್ಬಿ ಮತ್ತೆ ಗರಗುಟ್ಟಿತು.

"ಅಕ್ಕಂದು. ನೀವೇ ತಗೊಳ್ಳಿ, ನನ್ನ ಕೈ ಒದ್ದೆ," ಅಂದ.

ಮುಚ್ಚಳ ತೆಗೆದು ಕಿವಿಗಿಟ್ಟುಕೊಂಡೆ. "ಏನಾಯ್ತೋ ಬೇಗ ಹೇಳೋ, ಬೆಳಿಗ್ಗೆಯಿಂದ ಪ್ರಾಣ ಹೋಗ್ತಿದೆ, ಆ ಮಹಾರಾಯ ಬಂದು ಮುಟ್ಟಿದರಾ?" ಎಂದಳು ಒಂದೇ ಉಸಿರಿಗೆ.

"ಮಹಾರಾಯನೇ ಮಾತಾಡ್ತಿರೋದು. ಕಲ್ಲು ಉಳೀತು ಕಣೇ."

"ನಿಜವಾಗ್ಲೂ?"

ಭಾಮೈದ ಟೇಪು ಎಳೆದು, ಅದರ ತುದಿಯನ್ನು ನನ್ನ ಕಡೆ ಚಾಚಿ ನಿಂತಿದ್ದ. ಮುಖದ ಮೇಲೆ ನಗು ಇನ್ನೂ ಪೂರ್ತಿ ಬಂದಿರಲಿಲ್ಲ.

"ತಡಿ," ಎಂದೆ ಅವಳಿಗೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಟೇಪಿನ ತುದಿ ಹಿಡಿದುಕೊಂಡೆ.